ವಿಜಯಪುರ ಸೀಮೆಯ ಹವ್ಯಾಸಿ ಗಾಯಕರು: ಅವರ ಕಾಲವಿನಿಯೋಗ ಮತ್ತು ಸಾಧನೆಯ ಕ್ರಮ

೧

ನಮ್ಮಲ್ಲಿ ಸಂಗೀತದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಘರಾಣೆಗಳನ್ನೂ, ಆಸ್ಥಾನದ ಕಲಾವಂತರನ್ನೂ, ನಾಟಕ ಕಂಪನಿಗಳ ನಟಗಾಯಕರನ್ನೂ ಕುರಿತು ಬರೆದಿದ್ದಾರೆ. ಅದು ಹಾಡಿಕೆಯನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವರ ಚರಿತ್ರೆ. ಹಗಲೆಲ್ಲ ಹೊಲದಲ್ಲಿಯೋ ಕಚೇರಿಯಲ್ಲಿಯೋ ದುಡಿದು, ಉಳಿದ ಹೊತ್ತಿನಲ್ಲಿ ಏಕತಾರಿಯನ್ನೋ ದಮ್ಮಡಿಯನ್ನೋ ಕೈಗೆತ್ತಿಕೊಳ್ಳುವವರು ಇವರಿಗಿಂತ ಎಷ್ಟೋ ಪಾಲು ಹೆಚ್ಚಾಗಿದ್ದರೂ ಅವರ ವಿಷಯವಾಗಿ ಇತಿಹಾಸಕಾರರು ಹೆಚ್ಚಿನ ಲಕ್ಷ್ಯವನ್ನು ಕೊಟ್ಟಿಲ್ಲ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ವೃತ್ತಿಗಾಯಕನು ದಾನಪತ್ರದಲ್ಲಿಯೋ ವೇತನದ ಪಟ್ಟಿಯಲ್ಲಿಯೋ ಜಾಹೀರಾತಿನಲ್ಲಿಯೋ ಗುರುತನ್ನು ಉಳಿಸಿಹೋಗುತ್ತಾನೆ; ಹವ್ಯಾಸಿಯು ಅಂಥ ಗುರುತನ್ನು ಬಿಟ್ಟುಹೋಗುವುದು ವಿರಳ.

ಆದರೆ ಹವ್ಯಾಸಿಯ ಚರಿತ್ರೆಯನ್ನು ಬೇರೊಂದು ದಾರಿಯಿಂದ ಸಮೀಪಿಸಲು ಸಾಧ್ಯವಿದೆ. ಹಾಡುವುದಕ್ಕೆ ಆತನಿಗೆ ಹೊತ್ತು ಎಲ್ಲಿಂದ ಬಂದಿತು? ಆ ಹೊತ್ತಿನ ಬೆಲೆಯನ್ನು ತೆತ್ತವರು ಯಾರು? ದೊರೆತ ಹೊತ್ತನ್ನು ಆತನು ಯಾವ ಕ್ರಮದಲ್ಲಿ ಬಳಸಿಕೊಂಡನು? ವಿಜಯಪುರ ನಗರ, ಅದರ ಪಶ್ಚಿಮಕ್ಕೆ ಅಥಣಿಯ ಹಾದಿಯಲ್ಲಿರುವ ತಿಕೋಟಾ, ಮತ್ತು ಕೃಷ್ಣೆಯ ಕಡೆಗಿರುವ ಬಬಲೇಶ್ವರ, ಈ ಮೂರು ನೆಲೆಗಳ ಸುತ್ತಣ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಹವ್ಯಾಸವೆಂದರೆ ಕೇವಲ ಅಭಿರುಚಿಯ ಮಾತಲ್ಲ, ಅದು ಸಮಾಜದ ಕಾಲವ್ಯವಸ್ಥೆಗೆ ಸೇರಿದ ವಿಷಯ ಎಂಬುದನ್ನು ತೋರಿಸಲು ನಾವು ಯತ್ನಿಸುವೆವು.

೨

ಈ ಸೀಮೆಯ ಹವ್ಯಾಸಿಗಳಲ್ಲಿ ಚರಿತ್ರೆಗೆ ಮೊದಲು ಸ್ಪಷ್ಟವಾಗಿ ಕಾಣಿಸುವವನು ಒಬ್ಬ ಅರಸನೇ ಆಗಿರುವುದು ಸೋಜಿಗದ ಸಂಗತಿ. ಎರಡನೆಯ ಇಬ್ರಾಹಿಂ ಆದಿಲ್ ಶಹನು ೧೫೮೦ರಲ್ಲಿ ಬಾಲಕನಾಗಿರುವಾಗಲೇ ಪಟ್ಟಕ್ಕೆ ಬಂದು, ೧೬೨೭ರವರೆಗೆ ಆಳಿದನು. ಆತನು ರಚಿಸಿದ 'ಕಿತಾಬ್-ಎ-ನವರಸ್' ಎಂಬ ದಖನಿ ಗೀತಗಳ ಸಂಗ್ರಹದಲ್ಲಿ ಹಾಡುಗಳನ್ನು ರಾಗಗಳ ಹೆಸರಿನಲ್ಲಿ ವಿಂಗಡಿಸಲಾಗಿದೆ. ಸರಸ್ವತಿ, ಗಣಪತಿ, ಸೂಫಿ ಸಂತ ಬಂದೇನವಾಜ ಇವರ ಸ್ತುತಿಯೊಡನೆ, ತನ್ನ ತಂಬೂರಿಯಾದ 'ಮೋತೀಖಾನ'ನನ್ನೂ ತನ್ನ ಆನೆಯಾದ 'ಆತಶಖಾನ'ನನ್ನೂ ಅರಸನು ಅಲ್ಲಿ ಹಾಡಿದ್ದಾನೆ. ವಾದ್ಯಕ್ಕೆ ಹೆಸರಿಟ್ಟು ಮನುಷ್ಯನಂತೆ ಕರೆಯುವುದು ವಾದ್ಯದೊಡನೆ ದಿನದಿನವೂ ಹೊತ್ತು ಕಳೆಯುವವನ ಲಕ್ಷಣವೇ ಸರಿ. ಈ ಗ್ರಂಥವನ್ನು ನಜೀರ್ ಅಹಮದರು ೧೯೫೬ರಲ್ಲಿ ಸಂಪಾದಿಸಿ ಪ್ರಕಟಿಸಿದುದರಿಂದ ವಿದ್ವಾಂಸರಿಗೆ ಅದು ಸುಲಭವಾಗಿ ದೊರೆಯುವಂತಾಯಿತು.

೧೬೦೩-೦೪ರ ಸುಮಾರಿಗೆ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗನು ಈ ಅರಸನೊಡನೆ ನಡೆದ ಸಂಭಾಷಣೆಯನ್ನು ಬರೆದಿಟ್ಟಿದ್ದಾನೆ. ತಾನಸೇನನು ಬಾದಶಹನ ಮುಂದೆ ನಿಂತು ಹಾಡುತ್ತಿದ್ದನೋ ಕುಳಿತು ಹಾಡುತ್ತಿದ್ದನೋ ಎಂದು ಅರಸನು ಕೇಳಿದನಂತೆ. ಬಾದಶಹನು ಆಗಾಗ ಸಂಗೀತವನ್ನು ಕೇಳುವನೆಂಬ ಉತ್ತರಕ್ಕೆ ಪ್ರತಿಯಾಗಿ, ಸಂಗೀತವನ್ನು ಸದಾಕಾಲವೂ ಕೇಳಬೇಕೆಂಬ ಅಭಿಪ್ರಾಯವನ್ನು ಸೂಚಿಸಿದನಂತೆ. ಇಲ್ಲಿ ಎರಡು ಕಾಲದೃಷ್ಟಿಗಳು ಎದುರುಬದುರಾಗಿ ನಿಂತಿರುವುದನ್ನು ವಾಚಕರು ಗಮನಿಸಬೇಕು. ಮೊಗಲ ದರಬಾರಿನಲ್ಲಿ ಸಂಗೀತಕ್ಕೆ ಒಂದು ಗೊತ್ತಾದ ಹೊತ್ತು. ಇಬ್ರಾಹಿಮನ ಮನಸ್ಸಿನಲ್ಲಿ ದಿನದ ಎಲ್ಲ ಹೊತ್ತೂ ಅದರದೇ. ಅರಸನಾದರೂ ಆತನು ಶಿಷ್ಯವೃತ್ತಿಯನ್ನು ಬಿಟ್ಟವನಲ್ಲ. ಬಖ್ತರ್ ಖಾನನೆಂಬ ಕಲಾವಂತನನ್ನು ಆತನು ಗಾನಗುರುವನ್ನಾಗಿ ಮಾಡಿಕೊಂಡಿದ್ದನೆಂದು ಜಹಾಂಗೀರನ ಆತ್ಮಚರಿತ್ರೆಯಿಂದ ತಿಳಿದುಬರುತ್ತದೆ.

೧೫೯೯ರಲ್ಲಿ ಇಬ್ರಾಹಿಮನು ವಿಜಯಪುರದ ಪಶ್ಚಿಮಕ್ಕೆ, ತೊರವಿಯ ಹತ್ತಿರ, ನವರಸಪುರವೆಂಬ ಹೊಸ ನಗರದ ನಿರ್ಮಾಣವನ್ನು ಆರಂಭಿಸಿದನು. ಸಂಗೀತ ಮಹಲೆಂದು ಜನರು ಕರೆಯುವ ಕಟ್ಟಡದ ಅವಶೇಷವು ಇಂದಿಗೂ ಅಲ್ಲಿ ನಿಂತಿದೆ. ಒಬ್ಬ ಹವ್ಯಾಸಿಯು ತನ್ನ ಹವ್ಯಾಸಕ್ಕಾಗಿ ಊರನ್ನೇ ಕಟ್ಟಹೊರಟ ಉದಾಹರಣೆಯು ಜಗತ್ತಿನ ಇತಿಹಾಸದಲ್ಲಿ ವಿರಳವೆನ್ನಬೇಕು. ಆದರೆ ಆ ಬಿಡುವಿನ ಬೆಲೆಯನ್ನು ತೆತ್ತವರು ಎರೆಭೂಮಿಯ ರೈತರು. ರಾಜ್ಯದ ಕಂದಾಯವೇ ಅರಸನ ತಂಬೂರಿಯ ಹಿಂದಿನ ಶ್ರುತಿ. ೧೬೨೪ರಲ್ಲಿ ಮಲಿಕ್ ಅಂಬರನು ದಂಡೆತ್ತಿ ಬಂದು ನವರಸಪುರವನ್ನು ಹಾಳುಗೆಡವಿದನು. ಅರಸನ ಹೊತ್ತನ್ನು ನಂಬಿದ ಸಂಗೀತವು ಅರಸೊತ್ತಿಗೆಯ ಬಲಕ್ಕಿಂತ ಹೆಚ್ಚು ಕಾಲ ಬಾಳಲಾರದು ಎಂಬುದಕ್ಕೆ ಇದೊಂದು ನಿದರ್ಶನ.

೩

ಅದೇ ಕಾಲದಲ್ಲಿ, ಅದೇ ನಗರದ ಮನೆಗಳಲ್ಲಿ, ಮತ್ತೊಂದು ಸಂಗೀತವಿದ್ದಿತು. ಅದಕ್ಕೆ ಮಹಲೂ ಇರಲಿಲ್ಲ, ಬಿಡುವೂ ಇರಲಿಲ್ಲ. ನಗರದ ಹೊರಗಣ ಶಹಾಪುರ ಗುಡ್ಡದಲ್ಲಿ ನೆಲೆಸಿದ್ದ ಚಿಶ್ತಿ ಸೂಫಿಗಳ ಪರಂಪರೆಯಲ್ಲಿ, ಬೀಸುವ ಹೆಂಗಸರು ಹಾಡಿಕೊಳ್ಳುವುದಕ್ಕೆ ಒದಗುವ 'ಚಕ್ಕಿನಾಮೆ'ಗಳೂ, ನೂಲುವವರಿಗೆ ಒದಗುವ 'ಚರಖಾನಾಮೆ'ಗಳೂ ದಖನಿ ಭಾಷೆಯಲ್ಲಿ ರಚಿತವಾದವು. ಅಮೇರಿಕೆಯ ಇತಿಹಾಸಕಾರರಾದ ರಿಚರ್ಡ್ ಈಟನ್ ಅವರು ೧೯೭೮ರಲ್ಲಿ ಪ್ರಕಟವಾದ, ಬಿಜಾಪುರದ ಸೂಫಿಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ಹಾಡುಗಳ ಮಹತ್ತ್ವವನ್ನು ಎತ್ತಿ ತೋರಿಸಿದ್ದಾರೆ. ಗಹನವಾದ ತತ್ತ್ವಗ್ರಂಥಗಳು ತಲುಪಲಾರದ ಮನೆಗಳನ್ನು ಬೀಸುಕಲ್ಲಿನ ಹಾಡು ತಲುಪಿತೆಂಬುದು ಅವರ ವಾದದ ಸಾರ.

ಕನ್ನಡದ ಬೀಸುಕಲ್ಲಿನ ಪದಗಳು ಇದಕ್ಕೆ ಜೊತೆಯಾಗಿ ನಿಲ್ಲುತ್ತವೆ. ಜೋಳದ ರೊಟ್ಟಿಯೇ ಮುಖ್ಯ ಆಹಾರವಾದ ಈ ನಾಡಿನಲ್ಲಿ ದಿನದ ಹಿಟ್ಟು ದಿನಕ್ಕೆ ಬೇಕು. ಆದುದರಿಂದ ಕೋಳಿ ಕೂಗುವ ಮೊದಲೇ ಎದ್ದು, ಇಬ್ಬರು ಎದುರುಬದುರಾಗಿ ಕುಳಿತು ಬೀಸುತ್ತಿದ್ದರು. ಒಬ್ಬಳು ತ್ರಿಪದಿಯ ಸಾಲನ್ನು ಎತ್ತಿದರೆ ಇನ್ನೊಬ್ಬಳು ಅದನ್ನು ಪೂರೈಸುವಳು. ಕಲ್ಲಿನ ಸುತ್ತು ಲಯವನ್ನು ಕಾಯುವುದು. ಬುಟ್ಟಿಯ ಕಾಳು ಮುಗಿಯುವುದೇ ಹಾಡಿನ ಅವಧಿ. ಇಲ್ಲಿ ಹವ್ಯಾಸಕ್ಕೂ ದುಡಿಮೆಗೂ ನಡುವೆ ಗೋಡೆಯಿಲ್ಲ. ದುಡಿಮೆಯ ಹೊತ್ತೇ ಸಾಧನೆಯ ಹೊತ್ತು. ಅತ್ತೆ, ನೆಗೆಣ್ಣಿ, ನೆರೆಯಾಕೆ ಇವರೇ ಗುರುಗಳು.

ಈ ಪದಗಳು ಬರಹಕ್ಕಿಳಿದುದೂ ಹವ್ಯಾಸಿಗಳಿಂದಲೇ ಎಂಬುದನ್ನು ಮರೆಯಲಾಗದು. ಈ ಜಿಲ್ಲೆಯದೇ ಆದ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಯಾವ ವಿಶ್ವವಿದ್ಯಾಲಯದ ನೆರವೂ ಇಲ್ಲದೆ, ತಮ್ಮ ಬಿಡುವಿನಲ್ಲಿ ಊರ ಗರತಿಯರ ಬಾಯಿಂದ ಹಾಡುಗಳನ್ನು ಕೂಡಿಹಾಕಿದರು. ೧೯೩೧ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. ಹಿಟ್ಟಿನ ಗಿರಣಿಗಳು ಹಳ್ಳಿಹಳ್ಳಿಗೂ ಬರುವ ಮುನ್ನ ಈ ಕೆಲಸವಾದುದು ನಾಡಿನ ಸುದೈವ. ಗಿರಣಿ ಬಂದ ಮೇಲೆ ಹೆಂಗಸರಿಗೆ ನಸುಕಿನ ನಿದ್ದೆ ದೊರೆಯಿತು, ರಟ್ಟೆಯ ನೋವು ತಪ್ಪಿತು, ಹಾಡು ಹೋಯಿತು. ಈ ನಷ್ಟವನ್ನು ಕುರಿತು ಮರುಗುವವರು ಆ ಲಾಭವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೀಸುಕಲ್ಲಿನ ಹಿಡಿಯನ್ನು ಮುಟ್ಟದವರು ಬೀಸುಕಲ್ಲು ಉಳಿಯಬೇಕಾಗಿದ್ದಿತೆಂದು ಹೇಳುವುದು ನ್ಯಾಯವಾಗಲಾರದು.

೪

ಗಂಡಸರ ಹಾಡಿಕೆಯು ಬೇರೆಯೇ ಒಂದು ಕಾಲಗಣನೆಯನ್ನು ಅನುಸರಿಸಿತು. ಅದನ್ನು ತಿಳಿಯಬೇಕಾದರೆ ಇಲ್ಲಿಯ ನೆಲವನ್ನು ತಿಳಿಯಬೇಕು. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರಿನೊಳಗೆ ಮಳೆಯಾಗುವ ಈ ಸೀಮೆಯಲ್ಲಿ ಆಳವಾದ ಎರೆಭೂಮಿಯು ಮುಖ್ಯವಾಗಿ ಹಿಂಗಾರಿಯ ನೆಲ. ಮುಂಗಾರಿನಲ್ಲಿ ಹೊಲವನ್ನು ಹರಗಿ ಹಸಿ ಹಿಡಿದಿಟ್ಟು, ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಬಿಳಿಜೋಳವನ್ನು ಬಿತ್ತಿ, ಫೆಬ್ರುವರಿ-ಮಾರ್ಚಿನಲ್ಲಿ ಕೊಯ್ದು ರಾಶಿ ಮಾಡುವುದು ಪುರಾತನ ಕ್ರಮ. ಇದರಿಂದಾಗಿ ವರ್ಷದಲ್ಲಿ ಎರಡು ಬಿಡುವುಗಳು ಒದಗುತ್ತಿದ್ದವು. ಬಿತ್ತಿಗೆಗೆ ಮುಂಚಿನ ಶ್ರಾವಣವು ಒಂದು. ರಾಶಿಯಾದ ಮೇಲಿನ ಬೇಸಿಗೆ ಇನ್ನೊಂದು. ಶ್ರಾವಣದಲ್ಲಿ ಗುಡಿ ಮಠಗಳಲ್ಲಿ ತಿಂಗಳುದ್ದಕ್ಕೂ ಪುರಾಣ, ಪ್ರವಚನ, ಭಜನೆಗಳು ನಡೆಯುವುದೂ, ಬೇಸಿಗೆಯಲ್ಲಿ ಜಾತ್ರೆ, ಬಯಲಾಟ, ಹಾಡಿಕೆಗಳು ನೆರೆಯುವುದೂ ಆಕಸ್ಮಿಕವಲ್ಲ. ಪಂಚಾಂಗವು ಮೊದಲು ಹೊಲವನ್ನು ನೋಡಿ, ಆಮೇಲೆ ದೇವರನ್ನು ನೋಡಿದೆ.

ವಾರದ ಬಿಡುವಿಗೂ ಇಂಥದೇ ಆಧಾರವಿದ್ದಿತು. ಸೋಮವಾರ ಮತ್ತು ಅಮಾವಾಸ್ಯೆಗಳಂದು ಎತ್ತುಗಳನ್ನು ಹೂಡಬಾರದೆಂಬ ನೇಮವನ್ನು ಈ ಭಾಗದ ಒಕ್ಕಲಿಗರು ಬಹುಕಾಲದಿಂದ ಪಾಲಿಸಿದ್ದಾರೆ. ಎತ್ತಿಗೆ ವಿಶ್ರಾಂತಿಯಾದ ದಿನ ಒಕ್ಕಲಿಗನಿಗೂ ಅಷ್ಟಿಷ್ಟು ವಿಶ್ರಾಂತಿ. ಅಂದಿನ ರಾತ್ರಿ ಊಟವಾದ ಮೇಲೆ ಗುಡಿಯಲ್ಲಿ ಭಜನೆ. ಇಂಗ್ಲೆಂಡಿನಲ್ಲಿ ೧೮೪೭ರ ಹತ್ತು ತಾಸಿನ ಶಾಸನವೂ, ೧೮೫೦ರ ಕಾರಖಾನೆ ಶಾಸನದಿಂದ ದೊರೆತ ಶನಿವಾರದ ಅರ್ಧ ರಜೆಯೂ ಗಿರಣಿಯ ಕೆಲಸಗಾರರಿಗೆ ಹಿತ್ತಾಳೆ ವಾದ್ಯಮೇಳಗಳನ್ನು ಕಟ್ಟಿ ಅಭ್ಯಾಸ ಮಾಡಲು ಅನುಕೂಲ ಮಾಡಿಕೊಟ್ಟವು. ಅಲ್ಲಿ ಬಿಡುವನ್ನು ಕೊಟ್ಟುದು ಶಾಸನಸಭೆ; ಇಲ್ಲಿ ಅದನ್ನು ಕೊಟ್ಟುದು ಎತ್ತು. ೧೯೬೭ರಲ್ಲಿ ಇ. ಪಿ. ಥಾಮ್ಸನ್ ಅವರು ಕೆಲಸದ ಶಿಸ್ತು ಮತ್ತು ಕಾಲಪ್ರಜ್ಞೆಗಳ ಸಂಬಂಧವನ್ನು ಕುರಿತು ಬರೆದ ಪ್ರಬಂಧವನ್ನು ಓದಿದ ವಿದ್ಯಾರ್ಥಿಗಳಿಗೆ ಈ ಹೋಲಿಕೆಯ ಸ್ವಾರಸ್ಯವು ತಿಳಿಯದೆ ಇರದು.

ಆದರೆ ಬಿಡುವೆಂಬುದು ಯಾವಾಗಲೂ ಸುಖದ ಮಾತಲ್ಲ. ೧೮೭೬-೭೮ರ ಭೀಕರ ಕ್ಷಾಮವು ಈ ಜಿಲ್ಲೆಯನ್ನು ಹಿಂಡಿತು. ಮಳೆ ಹೋದ ವರ್ಷಗಳಲ್ಲಿ ಹೊಲದಲ್ಲಿ ಕೆಲಸವಿಲ್ಲದ ಮನುಷ್ಯನು ಗುಡಿಯ ಕಡೆಗೆ ಹೋಗುವುದಿಲ್ಲ, ಗುಳೆ ಹೋಗುತ್ತಾನೆ. ಮಹಾರಾಷ್ಟ್ರದ ಕಬ್ಬಿನ ಗದ್ದೆಗೋ ಗೋವೆಯ ಕಟ್ಟಡದ ಕೆಲಸಕ್ಕೋ ಸಂಸಾರಸಹಿತ ಹೋದವನಿಗೆ ಭಜನೆಯ ಸೋಮವಾರವಿಲ್ಲ. ಕೆಲಸವಿಲ್ಲದ ಹೊತ್ತು ಬೇರೆ, ಬಿಡುವಿನ ಹೊತ್ತು ಬೇರೆ. ಕಣದಲ್ಲಿ ರಾಶಿ ಬಿದ್ದು ಹಗೇವಿನಲ್ಲಿ ಜೋಳವಿದ್ದಾಗ ಮಾತ್ರ ಮೊದಲನೆಯದು ಎರಡನೆಯದಾಗಿ ಮಾರ್ಪಡುತ್ತದೆ.

೫

ಇನ್ನು ಸಾಧನೆಯ ಕ್ರಮವನ್ನು ನೋಡೋಣ. ಭಜನಾ ಮೇಳದಲ್ಲಿ ಹೊಸಬನು ಮೊದಲು ತಾಳ ಹಿಡಿಯುತ್ತಾನೆ. ಹಿಂದಿನ ಸಾಲಿನಲ್ಲಿ ಕುಳಿತು ಮುಂದಿನವರ ಸಾಲನ್ನು ತಿರುಗಿ ಹೇಳುತ್ತ ಹೇಳುತ್ತ ಪದವೂ ಮಟ್ಟೂ ಕಂಠಸ್ಥವಾಗುತ್ತವೆ. ವರ್ಷಗಳು ಕಳೆದ ಮೇಲೆ ದಮ್ಮಡಿ ಕೈಗೆ ಬರುತ್ತದೆ. ಮುಮ್ಮೇಳದ ಸ್ಥಾನವು ಅದಕ್ಕೂ ಆಮೇಲಿನದು. ಶಿಶುನಾಳ ಶರೀಫರು (೧೮೧೯-೧೮೮೯), ಕಡಕೋಳದ ಮಡಿವಾಳಪ್ಪನವರು ಮೊದಲಾದವರ ತತ್ತ್ವಪದಗಳು ಅಚ್ಚಿನ ಪುಸ್ತಕಕ್ಕಿಂತ ಹೆಚ್ಚಾಗಿ ಈ ಹಿಂದಿನ ಸಾಲಿನ ಮೂಲಕವೇ ಊರಿಂದೂರಿಗೆ ಹರಡಿವೆ. ಪದಗಳನ್ನು ಬರೆದಿಟ್ಟುಕೊಳ್ಳುವ ಕೈಬರಹದ ವಹಿಯೂ ಪ್ರತಿ ಮೇಳದ ಆಸ್ತಿ.

ಡೊಳ್ಳಿನ ಪದದವರ ಕ್ರಮವು ಇದಕ್ಕಿಂತ ಕಠಿಣವಾದುದು. ಹಾಲುಮತದ ದೈವಗಳ ಜಾತ್ರೆಗಳಲ್ಲಿ ಎರಡು ಮೇಳಗಳು ಎದುರಾಗಿ, ಪುರಾಣದ ಪ್ರಶ್ನೆಗೆ ಪುರಾಣದ ಉತ್ತರವನ್ನು ಕೊಡುತ್ತ ಬೆಳಗಿನವರೆಗೆ ಹಾಡುವುದು ವಾಡಿಕೆ. ಗೀಗೀ ಪದದ ಹರದೇಶಿ-ನಾಗೇಶಿ ವಾದವೂ ಇಂಥದೇ. ಅಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದವನ್ನು ದಪ್ಪು ತುಂತುಣಿಗಳೊಡನೆ ಹಾಡಿ ಬೆಳೆಸುವರು. ಒಂದು ರಾತ್ರಿಯ ಈ ಹಾಡಿಕೆಗೆ ಹಲವು ತಿಂಗಳ ಸಿದ್ಧತೆ ಬೇಕು. ಕುರಿ ಕಾಯುವಾಗ, ಹೊಲ ಕಾಯುವಾಗ, ಬಂಡಿ ಹೊಡೆಯುವಾಗ ಪದವನ್ನು ಮನಸ್ಸಿನಲ್ಲಿ ತಿರುವಿಹಾಕುವರು. ರಾತ್ರಿ ಮೇಳದೊಡನೆ ತಾಲೀಮು ಮಾಡುವರು. ಒಬ್ಬನೇ ಮಾಡುವ ಸಾಧನೆಯು ಹಗಲ ದುಡಿಮೆಯ ಒಳಗೆ ಅಡಗಿರುತ್ತದೆ, ಕೂಡಿ ಮಾಡುವ ಸಾಧನೆಗೆ ಮಾತ್ರ ಬೇರೆ ಹೊತ್ತು ಬೇಕಾಗುತ್ತದೆ. ಈ ಭೇದವನ್ನು ನಾವು ವಿಶೇಷವಾಗಿ ಒತ್ತಿ ಹೇಳುತ್ತೇವೆ. ಏಕೆಂದರೆ ಮುಂದಿನ ಬದಲಾವಣೆಯೆಲ್ಲ ಇದರಿಂದಲೇ ಅರ್ಥವಾಗುತ್ತದೆ.

ವೆಚ್ಚದ ಮಾತೂ ಉಂಟು. ಹವ್ಯಾಸಿ ಮೇಳಕ್ಕೆ ಊರವರು ಕೊಡುವುದು ಕಾಯಿ, ಟವೆಲು, ಊಟ, ಹೆಚ್ಚೆಂದರೆ ದಾರಿಯ ಖರ್ಚು. ಪೇಟಿ, ತಬಲಾ, ತಾಳಗಳನ್ನು ಪಟ್ಟಿ ಕೂಡಿಸಿ ಕೊಳ್ಳಬೇಕು. ಕಲಕತ್ತೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡ ಕೈಪೇಟಿಯು ನಾಟಕ ಕಂಪನಿಗಳ ಮೂಲಕ ಈ ನಾಡಿನಲ್ಲಿ ನೆಲೆಯೂರಿತು. ೧೯೪೦ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮಿಗೆ ನಿಷೇಧ ವಿಧಿಸಿ ಮೂರು ದಶಕಗಳ ಕಾಲ ಅದನ್ನು ದೂರವಿಟ್ಟರೂ, ಹಳ್ಳಿಯ ಗುಡಿಯಲ್ಲಿ ಪೇಟಿಯ ಮಾನವು ಕುಗ್ಗಲಿಲ್ಲ. ಅದಕ್ಕೆ ಕಾರಣವು ಹವ್ಯಾಸಿಯ ಕಾಲದ ಅಭಾವವೇ ಎಂದು ನಮ್ಮ ಅಭಿಪ್ರಾಯ. ತಂತಿವಾದ್ಯವನ್ನು ದಿನವೂ ಶ್ರುತಿ ಮಾಡಬೇಕು, ಅದಕ್ಕೆ ಪಳಗಿದ ಕಿವಿ ಬೇಕು. ಪೇಟಿಯ ಸ್ವರವು ಕಟ್ಟಿಟ್ಟ ಬುತ್ತಿ. ಹೊಲದಿಂದ ಬಂದವನು ಕೈ ತೊಳೆದುಕೊಂಡು ಕುಳಿತರೆ ಸಾಕು, ಹಾಡಿಕೆ ಆರಂಭವಾಗುತ್ತದೆ. ಪೇಟಿಯನ್ನು ಕಲಿಸುವುದಕ್ಕೆ ಮಾಸ್ತರರೂ ದೊರೆತರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳ (೧೮೯೨-೧೯೪೪) ಮತ್ತು ಪುಟ್ಟರಾಜ ಗವಾಯಿಗಳ (೧೯೧೪-೨೦೧೦) ಬಳಿ ಕಲಿತ ಅನೇಕರು, ಅವರಲ್ಲಿ ಹಲವರು ಅಂಧರು, ಉತ್ತರ ಕರ್ನಾಟಕದ ಊರುಗಳಲ್ಲಿ ಪುರಾಣಕ್ಕೆ ಸಾಥಿ ನೀಡುತ್ತ, ಶಿಷ್ಯರಿಗೆ ಪಾಠ ಹೇಳುತ್ತ ಬದುಕಿದರು. ವೃತ್ತಿಗಾಯಕನು ಹವ್ಯಾಸಿಯ ಪ್ರತಿಸ್ಪರ್ಧಿಯಾಗದೆ ಆತನ ಗುರುವಾಗಿ ನಿಂತುದು ಈ ನಾಡಿನ ವೈಶಿಷ್ಟ್ಯ.

೬

ನಗರದ ಹವ್ಯಾಸಿಯನ್ನು ರೂಪಿಸಿದುದು ಗಡಿಯಾರ. ೧೮೮೪ರಲ್ಲಿ ವಿಜಯಪುರಕ್ಕೆ ರೈಲು ಬಂದಿತು. ೧೮೮೫ರಲ್ಲಿ ಜಿಲ್ಲಾಕೇಂದ್ರವು ಕಲಾದಗಿಯಿಂದ ಇಲ್ಲಿಗೆ ವರ್ಗವಾಯಿತು. ಅದರೊಡನೆ ಕಾರಕೂನರು, ವಕೀಲರು, ಶಿಕ್ಷಕರು ನೆಲೆಸಿದರು. ಇವರ ಬಿಡುವು ಋತುವಿಗೆ ಸೇರಿದುದಲ್ಲ. ಸಂಜೆಗೂ ಭಾನುವಾರಕ್ಕೂ ಸೇರಿದುದು. ಸಂಜೆಯ ಸಂಗೀತದ ಪಾಠ, ಗಣೇಶೋತ್ಸವದ ಮೇಳ, ಹವ್ಯಾಸಿ ನಾಟಕಗಳು ಇಂಥ ಬಿಡುವಿನ ಫಲಗಳು. ವಿಷ್ಣು ದಿಗಂಬರ ಪಲುಸ್ಕರರು ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ ಆರಂಭಿಸಿದ ಪದ್ಧತಿಯಿಂದ, ತರಗತಿ, ಪಠ್ಯಕ್ರಮ, ಪರೀಕ್ಷೆಗಳು ಸಂಗೀತಕ್ಕೂ ಬಂದವು. ೧೯೫೦ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾದ ಮೇಲೆ, ನಿಗದಿಯಾದ ವೇಳೆಗೆ ಗಾಯನವನ್ನು ಕೇಳುವ ಅಭ್ಯಾಸವೂ ಬೆಳೆಯಿತು. ಹಳ್ಳಿಯ ಹವ್ಯಾಸಿಯು ರಾತ್ರಿಯನ್ನು ಇಡಿಯಾಗಿ ಕೊಟ್ಟು ತಿಂಗಳುಗಟ್ಟಲೆ ಸುಮ್ಮನಿರಬಲ್ಲನು. ನಗರದ ಹವ್ಯಾಸಿಯು ದಿನಕ್ಕೊಂದು ತಾಸನ್ನು ಕೊಡಬಲ್ಲನೇ ಹೊರತು ಒಂದು ಇಡೀ ರಾತ್ರಿಯನ್ನು ಕೊಡಲಾರನು. ಇಬ್ಬರ ಸಂಗೀತದ ರೂಪಗಳೂ ಈ ಅಳತೆಗೆ ತಕ್ಕಂತೆಯೇ ಬೆಳೆದಿವೆ.

೭

ತಿಕೋಟಾ, ಬಬಲೇಶ್ವರಗಳ ಕಡೆ ಕಳೆದ ಕೆಲವು ದಶಕಗಳಲ್ಲಿ ಆಗಿರುವ ಬದಲಾವಣೆಗೆ ಮೂಲವು ನೀರು. ಕೊಳವೆಬಾವಿಗಳಿಂದಲೂ, ಮುಳವಾಡ, ತುಬಚಿ-ಬಬಲೇಶ್ವರ ಏತನೀರಾವರಿ ಯೋಜನೆಗಳಿಂದಲೂ ಎರೆಹೊಲಗಳಿಗೆ ನೀರು ಹರಿದಿದೆ. ಬಿಳಿಜೋಳದ ನೆಲದಲ್ಲಿ ದ್ರಾಕ್ಷಿಯ ಪಡಗಳು ಎದ್ದಿವೆ. ಗುಳೆ ಹೋಗುವುದು ತಗ್ಗಿದ ಊರುಗಳಿವೆ. ಮಕ್ಕಳು ಶಾಲೆಯಲ್ಲಿ ಉಳಿದಿದ್ದಾರೆ. ಇದು ನಾಡಿನ ಪುಣ್ಯವೆಂದೇ ನಾವು ಭಾವಿಸುತ್ತೇವೆ.

ಆದರೆ ದ್ರಾಕ್ಷಿಯ ಪಂಚಾಂಗವು ಜೋಳದ ಪಂಚಾಂಗವಲ್ಲ. ಏಪ್ರಿಲಿನಲ್ಲಿ ಒಂದು ಚಾಟ್ನಿ, ಅಕ್ಟೋಬರಿನಲ್ಲಿ ಇನ್ನೊಂದು. ಅಕ್ಟೋಬರಿನ ಚಾಟ್ನಿಯ ತರುವಾಯ ವಾರಗಟ್ಟಲೆ ಔಷಧಿ ಸಿಂಪಡಣೆ. ರಾತ್ರಿ ಮೋಡ ಕಟ್ಟಿದರೂ ರೈತನಿಗೆ ನಿದ್ದೆಯಿಲ್ಲ. ಫೆಬ್ರುವರಿಯಿಂದ ಕೊಯ್ಲು, ಅದರ ಬೆನ್ನಿಗೆ ಒಣದ್ರಾಕ್ಷಿ ಮಾಡುವ ಕೆಲಸ. ಹಿಂದೆ ರಾಶಿ ಮುಗಿದು ಹಾಡಿಕೆ ಆರಂಭವಾಗುತ್ತಿದ್ದ ದಿನಗಳೇ ಈಗ ಕೈಗೆ ಹೆಚ್ಚು ಕೆಲಸವಿರುವ ದಿನಗಳಾಗಿವೆ. ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಿದೆ. ಟ್ರ್ಯಾಕ್ಟರಿಗೆ ಸೋಮವಾರದ ನೇಮವಿಲ್ಲ. ಪಂಪಿಗೆ ವಿದ್ಯುತ್ತು ಬರುವ ಹೊತ್ತು ರಾತ್ರಿಯಾದರೆ ಭಜನೆಯ ಹೊತ್ತಿನಲ್ಲಿ ರೈತನು ಹೊಲದಲ್ಲಿರುತ್ತಾನೆ. ಹೀಗೆ ವರ್ಷದ ಬಿಡುವೂ ವಾರದ ಬಿಡುವೂ ರಾತ್ರಿಯ ಬಿಡುವೂ ಒಂದೊಂದಾಗಿ ಕರಗುತ್ತ ಬಂದಿವೆ.

ಇದರಿಂದ ಸಂಗೀತದ ಆಸಕ್ತಿಯೇ ಕುಂದಿತೆಂದು ತಿಳಿಯಬಾರದು. ಕ್ಯಾಸೆಟ್ಟಿನ ಕಾಲದಿಂದ ಮೊಬೈಲಿನ ಕಾಲದವರೆಗೆ, ಪದವನ್ನು ಬೇಕಾದಾಗ ಕೇಳಿ ಕಲಿಯುವ ಸೌಕರ್ಯವು ಹೆಚ್ಚುತ್ತಲೇ ಇದೆ. ಪಡದಲ್ಲಿ ಕೆಲಸ ಮಾಡುತ್ತಲೇ ಕಿವಿಗೆ ಹಾಡನ್ನು ಹಚ್ಚಿಕೊಂಡು ಕಲಿಯುವ ತರುಣರಿದ್ದಾರೆ. ಹೆಣ್ಣುಮಕ್ಕಳ ಅಕ್ಕನ ಬಳಗಗಳೂ ಭಜನಾ ಮಂಡಳಿಗಳೂ ಎದ್ದಿವೆ. ಬೀಸುಕಲ್ಲಿನೊಡನೆ ಹೋದ ಹಾಡಿಕೆಗೆ ಇವು ಮರುಹುಟ್ಟಲ್ಲವಾದರೂ, ದುಡಿಮೆಯಿಂದ ಬೇರೆಯಾದ ಒಂದು ಹೊತ್ತನ್ನು ಹಾಡಿಗಾಗಿ ತೆಗೆದಿಡುವ ಅವಕಾಶವು ಹೆಂಗಸರಿಗೂ ದೊರೆತುದರ ಗುರುತು. ಒಬ್ಬರೇ ಮಾಡುವ ಸಾಧನೆಯು ಹಿಂದೆಂದಿಗಿಂತ ಸುಲಭವಾಗಿದೆ. ಕೊರತೆಯಾಗಿರುವುದು ಎಂಟು-ಹತ್ತು ಜನರು ಒಂದೇ ಸಲಕ್ಕೆ ಬಿಡುವಾಗುವ ಹೊತ್ತು. ಜೋಳವು ಊರಿಗೆಲ್ಲ ಒಂದೇ ಬಿಡುವನ್ನು ಕೊಟ್ಟಿದ್ದಿತು. ನೀರಾವರಿಯಲ್ಲಿ ಒಬ್ಬನ ಕೊಯ್ಲು ಇನ್ನೊಬ್ಬನ ಸಿಂಪಡಣೆಯ ದಿನವಾಗುತ್ತದೆ. ಮೂರನೆಯವನು ನಗರದ ಅಂಗಡಿಯಲ್ಲಿ ಕೆಲಸದಲ್ಲಿರುತ್ತಾನೆ. ಭಜನೆಯ ಪದವು ಒಬ್ಬನಿಗೆ ಬಂದರೂ, ತಿರುಗಿ ಹೇಳುವ ಹಿಂದಿನ ಸಾಲು ಇಲ್ಲದೆ ಅದು ಭಜನೆಯಾಗುವುದಿಲ್ಲ.

೮

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದಾಗಿದೆ. ಈ ಸೀಮೆಯಲ್ಲಿ ಹವ್ಯಾಸಿ ಸಂಗೀತವು ನಾಲ್ಕು ಬಗೆಯ ಕಾಲವನ್ನು ಆಶ್ರಯಿಸಿ ಬೆಳೆದಿದೆ: ಕಂದಾಯವು ಕೊಂಡುಕೊಟ್ಟ ಅರಸನ ಕಾಲ, ದುಡಿಮೆಯೊಳಗೇ ಬೆರೆತ ಹೆಣ್ಣಿನ ಕಾಲ, ಮಳೆಯೂ ಎತ್ತೂ ಗೊತ್ತುಪಡಿಸಿದ ಒಕ್ಕಲಿನ ಕಾಲ, ಗಡಿಯಾರವು ಅಳೆದುಕೊಟ್ಟ ನಗರದ ಕಾಲ. ಇವುಗಳಲ್ಲಿ ಮೊದಲನೆಯದು ಒಂದು ದಂಡಯಾತ್ರೆಗೆ ಮುರಿಯಿತು. ಎರಡನೆಯದು ಒಂದು ಯಂತ್ರಕ್ಕೆ ಮುಗಿಯಿತು. ಮೂರನೆಯದು ನಮ್ಮ ಕಣ್ಣಮುಂದೆ ಬದಲಾಗುತ್ತಿದೆ.

ಹೀಗಿರುವಾಗ, ಜನಪದ ಸಂಗೀತವನ್ನು ಉಳಿಸಬೇಕೆಂದು ಹೇಳುವವರು ಹಾಡುಗಳನ್ನು ಧ್ವನಿಮುದ್ರಿಸಿ ಇಟ್ಟರೆ ಸಾಲದು. ಉತ್ಸವದ ವೇದಿಕೆಯಲ್ಲಿ ಹತ್ತು ನಿಮಿಷದ ಅವಕಾಶವನ್ನು ಕೊಟ್ಟರೂ ಸಾಲದು. ಬೆಳಗಿನವರೆಗೆ ಬೆಳೆಯಬೇಕಾದ ಡೊಳ್ಳಿನ ಪದವು ಹತ್ತು ನಿಮಿಷದಲ್ಲಿ ತನ್ನ ಪ್ರಶ್ನೆಯನ್ನು ಕೇಳಬಹುದೇ ಹೊರತು ಉತ್ತರದವರೆಗೆ ಬರಲಾರದು. ಊರಿನ ಜನರು ಕೂಡಿ ಒಂದು ಹೊತ್ತನ್ನು ಕಾದಿರಿಸಿಕೊಳ್ಳುವುದು ಹೇಗೆಂಬುದೇ ನಿಜವಾದ ಪ್ರಶ್ನೆ. ಅದನ್ನು ನಿರ್ಧರಿಸಬೇಕಾದವರು ಊರವರು. ಕಾಲೇಜುಗಳಲ್ಲಿರುವ ನಾವು ಮಾಡಬಹುದಾದ ಕೆಲಸವೊಂದಿದೆ. ತಿಕೋಟಾ, ಬಬಲೇಶ್ವರ ಮತ್ತು ಸುತ್ತಲಿನ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ಊರಿನ ಮೇಳದ ವಹಿಯನ್ನೂ, ಅದು ಕೂಡುವ ದಿನಗಳನ್ನೂ, ಪೇಟಿ ಕೊಂಡ ವರ್ಷವನ್ನೂ, ಹಿಂದಿನ ಸಾಲಿನಲ್ಲಿ ಕುಳಿತವರ ಕಸುಬನ್ನೂ ಹಿರಿಯರಿಂದ ಕೇಳಿ ಬರೆದಿಟ್ಟರೆ, ಅರಸನ ತಂಬೂರಿಗೆ ದೊರೆತಷ್ಟು ಚರಿತ್ರೆಯು ಒಕ್ಕಲಿಗನ ದಮ್ಮಡಿಗೂ ದೊರೆತೀತು. ತಾಳ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಕೆಲಸಕ್ಕೆ ಇದೇ ತಕ್ಕ ಕಾಲ.